ನಿಲುಗಡೆಯ ವಿಷಯದಲ್ಲಿ ನನ್ನ ನಿಲುವು

ಗ್ರಿಮ್ಸ್‌ವಿಕ್, ಯಾರ್ಕ್‌ಷೈರ್
ನವೆಂಬರ್ ೬, ಗುರುವಾರ ಮಧ್ಯಾಹ್ನ

ಪ್ರೀತಿಯ ಹೆಸ್ಟರ್,

ಈ ಪತ್ರ ಬರೆಯುತ್ತಿರುವವನು ಒಬ್ಬ ಅಪರಾಧಿ. ಗಾಬರಿಯಾಗಬೇಡ, ಆದರೆ ಕೈಯಲ್ಲಿ ಚಹದ ಬಟ್ಟಲಿದ್ದರೆ ಕೆಳಗಿಡು. ಕ್ಲೆಮೆಂಟ್ ಆಗ್ಡನ್ ಎಂಬ ನಾನು, ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿ ಎರಡು ತಲೆಮಾರಿನ ಮಕ್ಕಳನ್ನು ಆ ಭಾಷೆಯಿಂದ ಓಡಿಸಿದವನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ, ನಮ್ಮ ಅಡುಗೆಮನೆಯ ಕೆಟಲನ್ನು ಸಾಕ್ಷಿಯಾಗಿಟ್ಟುಕೊಂಡು ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಹೆಸರಿಗೆ ಬಂದ ಲಕೋಟೆಗಳನ್ನು ಹಬೆಗೆ ಹಿಡಿದು ಬಿಚ್ಚಿದ್ದೇನೆ. ಒಂದನ್ನಲ್ಲ, ಹಲವನ್ನು. ಓದಿ, ಮತ್ತೆ ಅಂಟಿಸಿ, ಬೆಂಕಿಗೂಡಿನ ಮೇಲಿನ ಗಡಿಯಾರದ ಹಿಂದೆ ತುರುಕಿದ್ದೇನೆ. ಪಾಪ, ಆ ಗಡಿಯಾರ ನಿನ್ನ ಲಕೋಟೆಗಳ ಒತ್ತಡಕ್ಕೆ ಮುಂದಕ್ಕೆ ಬಾಗಿ ನಿಂತಿದೆ. ಅದಕ್ಕೇ ಇರಬೇಕು, ಈ ಮನೆಯಲ್ಲಿ ಕಾಲ ಸ್ವಲ್ಪ ಮುಂದಾಗಿಯೇ ಓಡುತ್ತಿದೆ.

ಅಪರಾಧದ ವಿವರ ಆಮೇಲೆ, ಮೊದಲು ಕುಶಲ. ನಿಮ್ಮಕ್ಕ ಲೆಟಿಸಳ ಎಡಸೊಂಟ ಹೇಗಿದೆ? ಬಲಸೊಂಟ ವಸಂತದಲ್ಲಿ, ಎಡಸೊಂಟ ಶರತ್ಕಾಲದಲ್ಲಿ ಎಂದು ಅವಳು ಕಂತಿನ ಮೇಲೆ ರಿಪೇರಿ ಮಾಡಿಸಿಕೊಂಡಿದ್ದರಿಂದ ನಿನ್ನ ಕಾರ್ನ್‌ವಾಲ್ ವಾಸವೂ ಕಂತುಕಂತಾಗಿ ಬೆಳೆಯಿತು. ನಾನಿಲ್ಲಿ ಹೆಂಡತಿ ಇದ್ದೂ ಬ್ರಹ್ಮಚಾರಿ. ಈಸ್ಟರಿನಲ್ಲಿ, ಬೇಸಿಗೆ ರಜೆಯಲ್ಲಿ ರೈಲು ಹತ್ತಿ ಬಂದು ನಿನ್ನ ಮುಖ ನೋಡಿಕೊಂಡು ಹೋದದ್ದಷ್ಟೇ ಈ ವರ್ಷದ ದಾಂಪತ್ಯ. ಹೊಸ ಸೊಂಟ ಬಂದಿದೆಯೆಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿನ್ನ ಮೇಲೆ ದರ್ಬಾರು ನಡೆಸಬಾರದೆಂದು ಅವಳಿಗೆ ನನ್ನ ಪರವಾಗಿ ಹೇಳು. ನನ್ನ ಆರೋಗ್ಯ ಉತ್ತಮ. ಕಾಲೇಜಿಗೆ ನಡೆದೇ ಹೋಗುತ್ತೇನೆ, ಪೇಟೆಗೆ ನಡೆದೇ ಹೋಗುತ್ತೇನೆ, ಮಳೆ ಬಂದರೆ ಬಸ್ಸು. ನಿನ್ನ ಕಾರನ್ನು ಮುಟ್ಟುವುದೇ ಇಲ್ಲ. ಭೂಮಿಗೂ ಒಳ್ಳೆಯದು, ನನ್ನ ಹೊಟ್ಟೆಗೂ ಒಳ್ಳೆಯದು. ಬೆಲ್ಟಿನಲ್ಲಿ ಒಂದು ತೂತು ಒಳಗೆ ಬಂದಿದ್ದೇನೆ. ಭೂಮಿಯ ವಿಷಯ ಭೂಮಿಯನ್ನೇ ಕೇಳಬೇಕು.

ಈಗ ಕಾರಿನ ಕಾರುಬಾರು. ಫೆಬ್ರವರಿಯಲ್ಲಿ ನೀನು ಹೊರಟ ದಿನ ನೆನಪಿದೆಯಲ್ಲ? ನನ್ನ ಹಳೆಯ ಕಾರು ಕ್ರಿಸ್‌ಮಸ್ ಹೊತ್ತಿಗೆ ತೀರಿಕೊಂಡಿತ್ತು. ನಿನ್ನ ಆಟೋಮ್ಯಾಟಿಕ್ ಕಾರನ್ನು, ಅಂದರೆ ಎಡಗಾಲಿಗೆ ಪಿಂಚಣಿ ಕೊಟ್ಟು ಮನೆಗೆ ಕಳಿಸುವ ಆ ಬಂಡಿಯನ್ನು, ನನ್ನ ಕೈಗೊಪ್ಪಿಸಿ ಪ್ಲಾಟ್‌ಫಾರಮ್ಮಿನಲ್ಲಿ ಪಾಠ ಶುರುಮಾಡಿದೆ. "ಕ್ಲೆಮ್, ಇದು ನಿನ್ನ ಹಳೇ ಕಾರಿನ ಹಾಗಲ್ಲ, ಸ್ವಲ್ಪ ಕೇಳಿಸ್ಕೋ, ನಿಲ್ಲಿಸಿದ ಮೇಲೆ ಮೊದಲು..." ಎಂದೆ. ನಾನು, "ಮೂವತ್ತೈದು ವರ್ಷ ಕೈಯಾರೆ ಗೇರು ಹಾಕಿದೋನು ಕಣೇ ನಾನು. ತಾನೇ ಗೇರು ಹಾಕ್ಕೊಳ್ಳೋ ಕಾರು ನನಗೆ ಯಾವ ಲೆಕ್ಕ?" ಎಂದು ಸ್ಯಾಂಡ್‌ವಿಚ್ ಪೊಟ್ಟಣವನ್ನು ನಿನ್ನ ಕೈಗೆ ತುರುಕಿದೆ. ರೈಲು ಬಂತು, ಪಾಠ ನಿಂತಿತು. ಯಂತ್ರಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವುದು ಬೇಡ ಎಂಬುದು ನಮ್ಮ ಮದುವೆಯ ಅಲಿಖಿತ ಕರಾರುಗಳಲ್ಲೊಂದು. ಹುಲ್ಲು ಕತ್ತರಿಸುವ ಯಂತ್ರದ ಪ್ರಸಂಗವನ್ನು ನೀನಿಲ್ಲಿ ಎತ್ತಬಾರದು.

ನೀನು ಹೋದ ಮೇಲಿನ ಒಂದು ಶನಿವಾರ ರೈಲು ಸೇತುವೆಯಾಚೆಯ ದೊಡ್ಡ ಅಂಗಡಿಗಳ ಸಾಲಿಗೆ ಹೋದೆ. ಯಾಕೆಂದು ಇಷ್ಟು ದಿನ ಹೇಳಿಲ್ಲ. ನೀನು ತೆರೆಯಬೇಕೆಂದಿರುವ ಉಣ್ಣೆ ಅಂಗಡಿಗೆ ಬಾಗಿಲ ಗಂಟೆ ತರಲು. ಬಾಡಿಗೆಗೆ ಹಿಡಿಯಲಿರುವ ಆ ಹಳೆಯ ಔಷಧಿ ಅಂಗಡಿಯ ಬಾಗಿಲು ತೆಗೆದಾಗ ಟಿಣ್ ಎನ್ನಬೇಕು, ಟಿಣ್ ಎಂದಾಗ ನೀನು ಹೆಣಿಗೆಯಿಂದ ತಲೆಯೆತ್ತಬೇಕು ಎಂದು ನೀನು ಎಷ್ಟು ಸಲ ಹೇಳಿಲ್ಲ? ಹಿತ್ತಾಳೆಯದು, ಸುರುಳಿ ಸ್ಪ್ರಿಂಗಿಗೆ ತೂಗುವಂಥದು, ಸಿಕ್ಕಿತು. ಅಲ್ಲಿನ ಕಾರು ನಿಲ್ದಾಣದಲ್ಲಿ ಎರಡು ಗಂಟೆ ಪುಕ್ಕಟೆ, ಆಮೇಲೆ ದಂಡ. ಒಳಹೋಗುವ ಹೊರಬರುವ ಕಾರುಗಳ ನಂಬರುಗಳನ್ನು ಕಂಬದ ಮೇಲಿನ ಕ್ಯಾಮೆರಾ ಓದಿಕೊಳ್ಳುತ್ತದೆ. ನನಗೆ ಅರ್ಧ ಗಂಟೆಯ ಕೆಲಸ. ಆದರೆ ಕಾರು ನಿಲ್ಲಿಸಿದಾಗಲೇ ಅದು ಮೊಂಡಾಟ ಶುರುಮಾಡಿತ್ತು: ಕೀಲಿ ಕಚ್ಚಿಕೊಂಡು ಹೊರಗೇ ಬರಲಿಲ್ಲ. ಕದಿಯುವಷ್ಟು ಉತ್ಸಾಹ ಈ ಊರಿನಲ್ಲಿ ಯಾರಿಗಿದೆ ಎಂದು ಹಾಗೇ ಬಿಟ್ಟು ಓಡಿದೆ. ಗಂಟೆ ಹಿಡಿದು ಬಂದು ಕೀಲಿ ತಿರುಗಿಸಿದರೆ ಇಂಜಿನ್ನು ಹೆಣ. ಉಸಿರಿಲ್ಲ, ಕೆಮ್ಮಿಲ್ಲ. ಮೊಬೈಲು ಮನೆಯಲ್ಲಿ ಚಾರ್ಜಿಗೆ ಹಾಕಿತ್ತು. ಕೀಲಿ ಒಳಗೇ ಇರುವ ಕಾರನ್ನು ಬಿಟ್ಟು ಹೋಗುವಂತಿಲ್ಲ. ಕೂತಿರೋಣವೆಂದರೆ ಸಮುದ್ರದ ಗಾಳಿ ಮೂಳೆಗೇ ಇಳಿಯುತ್ತಿತ್ತು. ನಾನು ಬಾನೆಟ್ ಎತ್ತಿದೆ. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಒರೆಸಿ ಹಾಕಿದೆ. ಬ್ಯಾಟರಿಗೆ ಲ್ಯಾಟಿನ್ನಿನಲ್ಲಿ ಬೈದೆ. ನಿನ್ನ ಪ್ರಾರ್ಥನಾ ಮಂದಿರದ ಚಹಾ ಸಮಿತಿಯ ಪಾರ್ಜೆಟರ್ ಅಜ್ಜಿ ಎರಡೂ ಊರುಗೋಲು ಊರಿಕೊಂಡು ಅತ್ತ ಬಂದವಳು ಸ್ವಲ್ಪ ಹೊತ್ತು ಜೊತೆಗಿದ್ದಳು. ಹೊತ್ತು ಇಳಿಯುವಾಗ ಕಾರು ಎದ್ದಿತು. ಯಾವ ನರ ಮುಟ್ಟಿದ್ದರಿಂದ ಎದ್ದಿತೆಂಬುದು ವೈದ್ಯನ ಗುಟ್ಟು, ಕೇಳಬೇಡ. ಹೊರಬರುವಾಗ ಕಂಬದ ಮೇಲಿನ ಕ್ಯಾಮೆರಾ ನನ್ನನ್ನು ನೋಡಿ ನಕ್ಕಂತಾಯಿತು.

ಆ ನಗು ಎರಡು ವಾರದಲ್ಲಿ ಲಕೋಟೆಯಾಗಿ ಬಂತು. ಕಾರು ನಿನ್ನ ಹೆಸರಿನಲ್ಲಿರುವುದರಿಂದ ಲಕೋಟೆಯೂ ನಿನ್ನ ಹೆಸರಿಗೆ. ನೂರು ಪೌಂಡು, ಬೇಗ ಕಟ್ಟಿದರೆ ಅರ್ಧ. ಓಡಿಸಿದವರು ಬೇರೆಯವರಾದರೆ ಅವರ ಹೆಸರು ವಿಳಾಸ ತಿಳಿಸಿ ಎಂದೂ ಬರೆದಿತ್ತು. ಆಗಲೇ ನನ್ನ ಹೆಸರು ಬರೆದು ಕಳಿಸಿದ್ದರೆ ಈ ಪತ್ರ ಇಲ್ಲಿಗೇ ಮುಗಿಯುತ್ತಿತ್ತು, ಶುರುವೇ ಆಗುತ್ತಿರಲಿಲ್ಲ. ಆದರೆ ನಾನು ಲಕೋಟೆಯನ್ನು ಜೇಬಿನಲ್ಲಿಟ್ಟುಕೊಂಡು ನೇಗಿಲು ಎಂಬ ಹೆಸರಿನ ನಮ್ಮ ಪಬ್ಬಿಗೆ ಹೋದೆ. ಈ ದೇಶದಲ್ಲಿ ರೋಗಕ್ಕೆ ವೈದ್ಯರು, ಪಾಪಕ್ಕೆ ಪಾದ್ರಿಗಳು, ಕಾನೂನಿಗೆ ಮಾತ್ರ ಪಬ್ಬು. ಸೆಡ್ರಿಕ್ ಹೋಲ್‌ರಾಯ್ಡ್, ನಮ್ಮ ಸ್ನಾನದ ಮನೆಯ ಕೊಳಾಯಿಯನ್ನು ಮೂರು ಸಲ ರಿಪೇರಿ ಮಾಡಿ ಮೂರು ಸಲವೂ ಸೋರುವ ಹಾಗೇ ಉಳಿಸಿದ ಮಹಾನುಭಾವ, ಗ್ಲಾಸು ಕೆಳಗಿಟ್ಟು ಆಜ್ಞೆ ಹೊರಡಿಸಿದ: "ಲೋ ಕ್ಲೆಮ್ಮು, ಇದು ಸರ್ಕಾರದ ದಂಡ ಅಲ್ಲ ಕಣೋ, ಖಾಸಗಿಯೋರ ಬೆದರಿಕೆ. ಎರಡೇ ಸೂತ್ರ ತಿಳ್ಕೋ. ಒಂದು, ಉತ್ತರ ಕೊಡಬೇಡ. ಎರಡು, ಸತ್ರೂ ಓಡಿಸಿದ್ಯಾರು ಅಂತ ಹೇಳ್ಬೇಡ. ಓಡಿಸಿದೋರು ಯಾರು ಅಂತ ಗೊತ್ತಾಗದೆ ಯಾರ ಜುಟ್ಟು ಹಿಡೀತಾರೆ ಅವರು?" ಸುತ್ತಲಿದ್ದವರೆಲ್ಲ "ಸರಿಯಾಗಿ ಹೇಳ್ದ" ಎಂದರು. ಅವರ ಭಾವಮೈದುನರು, ಷಡ್ಡಕರು, ನಾದಿನಿಯ ಗಂಡಂದಿರು ಎಲ್ಲರೂ ಹೀಗೇ ಗೆದ್ದಿದ್ದರಂತೆ. ಗೆದ್ದವರಲ್ಲಿ ಒಬ್ಬನನ್ನೂ ಯಾರೂ ಕಣ್ಣಾರೆ ಕಂಡಿರಲಿಲ್ಲ, ಆ ಮಾತು ಬೇರೆ.

ನನಗೂ ಹುರುಪು ಹತ್ತಿತು. ದಂಡ ಕಟ್ಟಿದರೆ ದುಡ್ಡು ದಂಡ ಎಂದು ಘೋಷಿಸಿದೆ. ನಿಲುಗಡೆಯ ವಿಷಯದಲ್ಲಿ ನನ್ನ ನಿಲುವು ಅಚಲ ಎಂದೆ. ಪಬ್ಬು ಚಪ್ಪಾಳೆ ತಟ್ಟಿತು. ಮನುಷ್ಯನನ್ನು ಹಾಳುಮಾಡಲು ಒಂದು ಶ್ಲೇಷೆ, ಒಂದು ಚಪ್ಪಾಳೆ ಸಾಕು. ಆಮೇಲಿನ ಲಕೋಟೆಗಳ ಬಣ್ಣ ಕೆಂಪಾಗುತ್ತಾ ಹೋಯಿತು, ಅಕ್ಷರ ದಪ್ಪವಾಗುತ್ತಾ ಹೋಯಿತು, ಗಡಿಯಾರ ಬಾಗುತ್ತಾ ಹೋಯಿತು. ಕೊನೆಗೆ ಬಂದದ್ದರಲ್ಲಿ ಬಣ್ಣವಿರಲಿಲ್ಲ. ಬಿಳಿ ಕಾಗದ, ಕರಿ ಅಕ್ಷರ, ಸಣ್ಣ ದಾವೆಗಳ ಕೋರ್ಟಿನ ಮೊಹರು: ಪ್ರತಿವಾದಿ, ಶ್ರೀಮತಿ ಹೆಸ್ಟರ್ ಆಗ್ಡನ್. ಬೇಸಿಗೆಯಲ್ಲಿ ಮನೆ ವಿಮೆಯ ಕಾಗದಗಳೆಂದು ನಿನ್ನ ಮುಂದೆ ಒಂದು ಕಟ್ಟು ಹಿಡಿದೆನಲ್ಲ, ನೀನು ಲೆಟಿಸಳ ಸೂಪು ಕಲಕುತ್ತಾ ಓದದೆ ಸಹಿ ಹಾಕಿದೆಯಲ್ಲ, ಅದರ ನಡುವೆ ಒಂದು ಪ್ರತಿವಾದ ಪತ್ರವಿತ್ತು. "ವಾಹನವು ಯಾಂತ್ರಿಕ ವೈಫಲ್ಯದಿಂದ ಚಲಿಸಲಾರದಾಗಿತ್ತು" ಎಂಬುದು ಅದರ ಸಾರ. ವಾಕ್ಯ ಚೆನ್ನಾಗಿದೆಯಲ್ಲವೆ? ಇದು ನನ್ನ ಎರಡನೆಯ ಅಪರಾಧ. ಇದಕ್ಕೆ ಕೆಟಲು ಸಾಕ್ಷಿಯಲ್ಲ, ಸೂಪು ಸಾಕ್ಷಿ.

ನಿನ್ನೆ ವಿಚಾರಣೆ. ಸಿನಿಮಾದಲ್ಲಿ ತೋರಿಸುವಂಥ ಕೋರ್ಟು ಇರುತ್ತದೆಂದು ನಾನು ಮದುವೆಯ ಸೂಟು ಹಾಕಿಕೊಂಡು ಹೋಗಿದ್ದೆ. (ಬೆಲ್ಟಿನ ಆ ಒಂದು ತೂತಿನ ಪುಣ್ಯ, ಹಿಡಿಸಿತು.) ಅಲ್ಲಿದ್ದದ್ದು ಹಲ್ಲಿನ ಡಾಕ್ಟರು ಕಾಯಿಸುವಂಥ ಕೋಣೆ: ಒಂದು ಮೇಜು, ನಾಲ್ಕು ಕುರ್ಚಿ, ಒಣಗಿದ ಗಿಡ. ಕಂಪನಿಯ ಪರವಾಗಿ ಬಂದಿದ್ದವನು ಟ್ರಿಸ್ಟ್ರಮ್ ವೇಲ್ ಎಂಬ ಎಳೆಯ ವಕೀಲ, ನನ್ನ ಶಿಷ್ಯರಷ್ಟೇ ವಯಸ್ಸು. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು, "ಸಾರ್, ನಿಮ್ಮದು ಯಾವ ಕೇಸು? ಬೆಳಿಗ್ಗೆ ರೈಲಲ್ಲಿ ಆರು ಫೈಲು ಕೊಟ್ರು, ಎಲ್ಲಾ ಒಂದೇ ಥರ ಕಾಣ್ತವೆ" ಎಂದು ಪುದೀನ ಪೆಪ್ಪರ್‌ಮಿಂಟ್ ಕೊಟ್ಟ. ಶತ್ರುವಿನ ಪೆಪ್ಪರ್‌ಮಿಂಟ್ ಚೀಪುತ್ತಾ ನಾನು ನನ್ನ ಭಾಷಣವನ್ನು ಇನ್ನೊಮ್ಮೆ ಓದಿಕೊಂಡೆ. ನಾಲ್ಕು ಪುಟ ಕಣೇ. ರೋಮಿನಿಂದ ಶುರುವಾಗಿ ನಮ್ಮ ರೈಲು ಸೇತುವೆಯವರೆಗೆ ನ್ಯಾಯ ನಡೆದು ಬಂದ ದಾರಿ. ಮೂರನೆಯ ಪುಟದಲ್ಲಿ ನನಗೇ ಕಣ್ಣಲ್ಲಿ ನೀರು ಬಂತು.

ಆಗ ಕೋರ್ಟಿನ ಸೇವಕಿ ಬಾಗಿಲಿಗೆ ಬಂದು ಕೂಗಿದಳು: "ಹೆಸ್ಟರ್ ಆಗ್ಡನ್!" ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಮೂರನೆಯ ಸಲ ಕಾರಿಡಾರಿನ ಕೊನೆಯವರೆಗೂ ಕೇಳುವ ಹಾಗೆ ಕೂಗಿದಳು. ತಲೆ ತಗ್ಗಿಸಿ ಕೂತಿದ್ದ ಎಲ್ಲರೂ, ಬಾಡಿಗೆ ಕಟ್ಟದವರು, ಬಾಕಿ ಉಳಿಸಿಕೊಂಡವರು, ತಲೆಯೆತ್ತಿ ಈ ಹೆಸ್ಟರ್ ಯಾರೆಂದು ನೋಡಿದರು. ನಿನ್ನ ಹೆಸರನ್ನು ನಾನು ಹಿತ್ತಿಲಿನಿಂದ ಕೂಗಿದ್ದೇನೆ, ಕಡಲ ದಂಡೆಯಲ್ಲಿ ಕೂಗಿದ್ದೇನೆ, ಟವೆಲ್ ಮರೆತು ಸ್ನಾನದ ಮನೆಯಿಂದ ಕೂಗಿದ್ದೇನೆ. ಹಾಗೆ ಕೂಗಿದ್ದನ್ನು ಮಾತ್ರ ಕೇಳಿರಲಿಲ್ಲ. ತಮಾಷೆ ನನಗೆ ಅಲ್ಲೇ ಮುಗಿದುಹೋಯಿತು. ಆದರೂ ಎದ್ದು ಒಳಗೆ ಹೋದೆ.

ನ್ಯಾಯಾಧೀಶೆಗೆ ನೆಗಡಿ. ಮೇಜಿನ ಮೇಲೆ ಕಾನೂನಿನ ಪುಸ್ತಕಕ್ಕಿಂತ ಕಾಗದದ ಕರವಸ್ತ್ರವೇ ಹೆಚ್ಚು. "ಶ್ರೀಮತಿ ಆಗ್ಡನ್ ಎಲ್ಲಿ?" ಎಂದರು. "ಕಾರ್ನ್‌ವಾಲಿನಲ್ಲಿ, ಮೇಡಂ. ಅಕ್ಕನ ಸೊಂಟ," ಎಂದೆ. "ನೀವು?" "ಅವಳ ಗಂಡ." "ಅದು ಮನೆ ಸಂಬಂಧ ಆಯ್ತು. ಈ ಕೇಸಲ್ಲಿ ನೀವ್ಯಾರು?" ಮೂವತ್ತು ವರ್ಷ ಪ್ರಶ್ನೆ ಕೇಳಿದವನು ಜೇಬಿಗೆ ಕೈ ಹಾಕಿದೆ. ಭಾಷಣ ತೆಗೆದೆ. ಅವರು ಕೈ ತೋರಿಸಿ ತಡೆದರು: "ನಿಮ್ಮ ಪತ್ನಿ ಬಂದು ಪಕ್ಕದಲ್ಲಿ ಕೂತಿದ್ರೆ ಅವರ ಪರವಾಗಿ ನೀವು ಮಾತಾಡಬಹುದಿತ್ತು. ಅವರೇ ಇಲ್ಲ ಅಂದ್ಮೇಲೆ ನೀವು ಮಾತಾಡೋ ಹಾಗಿಲ್ಲ. ಕೂತ್ಕೊಳ್ಳಿ." ಕೇಳಿದೆಯಾ ಹೆಸ್ಟರ್? ನೀನು ಪಕ್ಕದಲ್ಲಿದ್ದರೆ ಮಾತ್ರ ನಾನು ಬಾಯಿ ಬಿಡಬಹುದಂತೆ! ನಮ್ಮ ಸಂಸಾರದ ಕಾನೂನು ಇದಕ್ಕೆ ಸರಿಯಾಗಿ ತಲೆಕೆಳಗು. ಕೂತೆ. ನಾಲ್ಕು ಪುಟ ನ್ಯಾಯ ನನ್ನ ತೊಡೆಯ ಮೇಲೆ ಸುಮ್ಮನೆ ಕೂತಿತು.

ಆಮೇಲೆ ಅವರೇ ಓದಿದರು, ಅವರೇ ಕೇಳಿದರು, ಉತ್ತರ ಬಾರದ್ದನ್ನು ಅವರೇ ಬರೆದುಕೊಂಡರು. "ಓಡಿಸಿದ್ದು ಯಾರು ಅಂತ ಮೊದಲೇ ಹೇಳಿದ್ರೆ ಇದು ಅವರಿಗೆ ಹೋಗ್ತಿತ್ತು. ಹೇಳಲಿಲ್ಲ. ಅದಕ್ಕೇ ಕಾನೂನು ಕಾರಿನ ಒಡತಿಯನ್ನ ಹಿಡ್ಕೊಂಡಿದೆ," ಎಂದರು. ಸೆಡ್ರಿಕ್‌ನ ಎರಡನೆಯ ಸೂತ್ರ ನನ್ನ ಕಣ್ಣೆದುರೇ ನಿನ್ನ ಕುತ್ತಿಗೆಗೆ ಬಿತ್ತು. ತಡೆಯಲಾರದೆ ಶಾಲೆಯ ಹುಡುಗನಂತೆ ಕೈ ಎತ್ತಿದೆ. "ಕೈ ಇಳಿಸಿ, ಮಿಸ್ಟರ್ ಆಗ್ಡನ್." ಇಳಿಸಿದೆ. ಟ್ರಿಸ್ಟ್ರಮ್ ನನ್ನ ಕಡೆ ಇನ್ನೊಂದು ಪೆಪ್ಪರ್‌ಮಿಂಟ್ ಸರಿಸಿದ. "ಯಂತ್ರ ಕೆಟ್ಟಿತ್ತು ಅಂತಿದೆ. ಗ್ಯಾರೇಜಿನ ಬಿಲ್ಲೆಲ್ಲಿ? ಕೆಟ್ಟದ್ದನ್ನ ನೋಡಿದೋರು ಯಾರಾದ್ರೂ ಇದ್ದಾರಾ?" ನಾನು ಮಾತಾಡುವ ಹಾಗಿಲ್ಲವಲ್ಲ, ಒಣಗಿದ ಗಿಡವನ್ನು ನೋಡಿದೆ. ಅವರು ಮೂಗೊರೆಸಿಕೊಂಡು ಹೇಳಿದರು: ತಿಂಗಳ ಕೊನೆಯ ಗುರುವಾರಕ್ಕೆ ಮುಂದೂಡಿದೆ, ಶ್ರೀಮತಿ ಆಗ್ಡನ್ ಖುದ್ದಾಗಿ ಬರಲಿ, ಕಾರು ಕೆಟ್ಟು ನಿಂತದ್ದನ್ನು ಕಂಡವರು ಬರಲಿ, ಬಾರದಿದ್ದರೆ ತೀರ್ಪು ಅವರ ವಿರುದ್ಧ. ತೀರ್ಪಿನ ಹಣ ತಿಂಗಳೊಳಗೆ ಕಟ್ಟದಿದ್ದರೆ ಹೆಸರು ಆರು ವರ್ಷ ಸಾಲಗಾರರ ಪಟ್ಟಿಯಲ್ಲಿ.

ಗಮನಿಸು, ನಾನು ಸೋತಿಲ್ಲ! ಒಂದು ಮಾತೂ ಆಡದೆ ಒಂದು ಕಂಪನಿಯನ್ನು ತಡೆದು ನಿಲ್ಲಿಸಿ ಬಂದಿದ್ದೇನೆ. ನಿನ್ನೆ ರಾತ್ರಿ ಊರೆಲ್ಲ ನವೆಂಬರಿನ ಬೆಂಕಿ ಹಬ್ಬ; ಪಬ್ಬಿನ ಹಿಂದೆ ಸೌದೆ ಉರಿಯುತ್ತಿತ್ತು, ಎಲ್ಲರ ಕೈಯಲ್ಲೂ ಶುಂಠಿ ಬೆಲ್ಲದ ಪಾರ್ಕಿನ್ ಕೇಕು. ಪಾರ್ಕಿಂಗಿಗೆ ಹೋಗಿ ಬಂದವನಿಗೆ ಪಾರ್ಕಿನ್ನೇ ಸರಿ ಎಂದು ನಾನೇ ಹೇಳಿದೆ, ನಾನೇ ಮೊದಲು ನಕ್ಕೆ. "ಕಂಪನಿಗೇ ಬ್ರೇಕ್ ಹಾಕಿ ಬಂದಿದ್ದಾನೆ ಕಣ್ರೋ ನಮ್ಮ ಪ್ರೊಫೆಸರು!" ಎಂದು ಸೆಡ್ರಿಕ್ ಗ್ಲಾಸೆತ್ತಿದ. ನಾನೂ ಎತ್ತಿದೆ. ಒಂದು ಪೆನ್ನಿಯೂ ನನ್ನ ಕೈಯಿಂದ ಹೋಗುವುದಿಲ್ಲ ಎಂದು ಬೆಂಕಿಯ ಮುಂದೆ ಆಣೆ ಇಟ್ಟೆ.

ಇಂದು ಬೆಳಿಗ್ಗೆ ಮಾಂಸದಂಗಡಿಯಲ್ಲಿ ಪೈ ಕೊಳ್ಳಲು ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಕೆಮ್ಮಿದರು. ನಿನ್ನ ಅಂಗಡಿಯ ದಲ್ಲಾಳಿ ಗ್ಯಾದರ್‌ಕೋಲ್. "ಪ್ರೊಫೆಸರ್ರೇ, ಕೋರ್ಟಲ್ಲಿ ನಿಮ್ಮನೆಯವರ ಹೆಸರು ಕೂಗಿದ್ರಂತೆ?" ಎಂದ. ಈ ಊರಿನ ಗಾಳಿಗೆ ಕಿವಿ ಮಾತ್ರವಲ್ಲ, ಕಾಲೂ ಇದೆ. ನಾನು ಏನೋ ಶ್ಲೇಷೆ ಮಾಡಲು ನೋಡಿದೆ, ಬರಲಿಲ್ಲ. ಅವನು ದನಿ ತಗ್ಗಿಸಿದ: "ನಿಮ್ಮ ಮೇಲೆ ವಿಶ್ವಾಸ ಇಲ್ಲ ಅಂತಲ್ಲ ನೋಡಿ. ಅಂಗಡಿ ಒಡತಿ ಮಿಸ್ ಥಿಸಲ್‌ವೇಟ್ ಹಳೇ ಕಾಲದೋರು. ಬಾಡಿಗೆ ತಡ ಆದ್ರೆ ಸಹಿಸ್ತಾರೆ, ಕೋರ್ಟು ಸಹಿಸಲ್ಲ. ಡಿಸೆಂಬರ್ ಒಂದಕ್ಕೆ ಕರಾರಿಗೆ ಸಹಿ. ಅಷ್ಟರೊಳಗೆ ಇದನ್ನ ತೊಳ್ಕೊಂಡ್ರೆ ಒಳ್ಳೇದು. ಮೊಬೈಲ್ ಕವರು ಮಾರೋ ಹುಡುಗ ಒಬ್ಬ ದಿನಾ ಫೋನ್ ಮಾಡ್ತಿದ್ದಾನೆ." ನನ್ನ ಸರದಿ ಬಂತು. ಪೈ ಬೇಕೆಂಬುದೇ ಮರೆತು ಮನೆಗೆ ಬಂದೆ.

ದಾರಿಯಲ್ಲಿ ಆ ಅಂಗಡಿಯ ಮುಂದೆ ನಿಂತೆ. ಒಳಗೆ ಗೋಡೆ ತುಂಬಾ ಔಷಧಿಯ ಸಣ್ಣ ಸೆಳೆಖಾನೆಗಳು, ಹಿತ್ತಾಳೆ ಹಿಡಿ, ಅಳಿಸಿದ ಹೆಸರುಗಳು. ಕಳೆದ ಡಿಸೆಂಬರಿನಲ್ಲಿ ಕಿಟಕಿಗೆ ಹಣೆಯೊತ್ತಿ ನೀನು ಒಂದೊಂದು ಸೆಳೆಖಾನೆಗೂ ಒಂದೊಂದು ಬಣ್ಣದ ಉಣ್ಣೆ ಹಂಚುತ್ತಿದ್ದೆ. ಮೇಲಿನ ಸಾಲು ನೀಲಿಗಳು, ಕಣ್ಣಿನ ಮಟ್ಟಕ್ಕೆ ಹಸಿರು, ಮಕ್ಕಳ ಕೈಗೆ ಎಟುಕುವ ಕಡೆ ಹಳದಿ. "ಇಷ್ಟು ವರ್ಷ ಬೇರೆಯವರ ಅಂಗಡೀಲಿ ಉಣ್ಣೆ ಸುತ್ತಿ ಕೊಟ್ಟೆ ಕ್ಲೆಮ್, ಒಂದ್ಸಲ ನನ್ನ ಬಾಗಿಲಿಗೆ ನಾನೇ ಬೀಗ ಹಾಕಿ ಮನೆಗೆ ಬರಬೇಕು," ಎಂದಿದ್ದೆ. ನಿನ್ನ ಉಸಿರಿನಿಂದ ಗಾಜು ಮಂಜಾಗಿತ್ತು. ಈ ದಿನ ಅದೇ ಗಾಜಿನಲ್ಲಿ ಕಂಡದ್ದು ನಿನ್ನೆಯಿಂದ ಕಳಚದ ಮದುವೆಯ ಸೂಟಿನ ಮೇಲೆ ಪಾರ್ಕಿನ್ ಚೂರು ಅಂಟಿಸಿಕೊಂಡ ಒಬ್ಬ ಮನುಷ್ಯ.

ಆದ್ದರಿಂದ, ಹೆಸ್ಟರ್, ನೀನು ಬರಬೇಕು. ತಿಂಗಳ ಕೊನೆಯ ಬುಧವಾರ ಹೊರಟರೆ ರಾತ್ರಿಗೆ ಬಂದು ಸೇರುತ್ತೀಯೆ. ಲೆಟಿಸಳನ್ನು ನೋಡಿಕೊಳ್ಳಲು ಪಕ್ಕದ ಮನೆಯವರನ್ನು ಕೇಳು. ನೀನು ನನ್ನ ಪಕ್ಕ ಕೂತರೆ ಸಾಕು, ಮಿಕ್ಕದ್ದನ್ನು ನಾಲ್ಕು ಪುಟ ನೋಡಿಕೊಳ್ಳುತ್ತವೆ. ಕಂಡವರು ಬೇಕೆಂದರೆ ಯಾರನ್ನಾದರೂ ಹುಡುಕೋಣ. ಗೆದ್ದರೆ ನಿನ್ನ ಹೆಸರು ಹಾಲಿನಷ್ಟು ಬಿಳಿ. ಸೋತರೆ ಏನೆಂದು ಯೋಚಿಸಲು ಕೂತೆ, ಗಡಿಯಾರ ನೋಡಿ ಎದ್ದೆ. ಹಿತ್ತಾಳೆ ಗಂಟೆಯನ್ನು ಅದರ ಪಕ್ಕದಲ್ಲೇ ಇಟ್ಟಿದ್ದೇನೆ. ಲಾರಿ ಹೋದಾಗಲೆಲ್ಲ ತಾನೇ ಸಣ್ಣಗೆ ಟಿಣ್ ಎನ್ನುತ್ತದೆ, ನಾನು ತಲೆಯೆತ್ತುತ್ತೇನೆ.

ಲೆಟಿಸಳ ಎರಡೂ ಸೊಂಟಗಳಿಗೆ ನನ್ನ ಪ್ರತ್ಯೇಕ ನಮಸ್ಕಾರ. ರಾತ್ರಿ ಕಾಲು ಬೆಚ್ಚಗಿಟ್ಟುಕೋ. ನೀನಿಲ್ಲದ ಮನೆಯಲ್ಲಿ ಮಾತಾಡುವ ಹಕ್ಕೂ ಇಲ್ಲದೆ ಕೂತಿರುವ

ನಿನ್ನ,
ಕ್ಲೆಮ್

ಮರೆತ ಮಾತು: ಶುಕ್ರವಾರ ಬೆಳಿಗ್ಗೆ, ಅಂಚೆ ಡಬ್ಬಿಯ ತಲೆಯ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದೇನೆ. ಬರಬೇಡ. ಮೇಲಿನದನ್ನು ಓದಿ ಪೆಟ್ಟಿಗೆ ಇಳಿಸಿದ್ದರೆ ವಾಪಸು ಅಟ್ಟಕ್ಕೇರಿಸು. ನಿನ್ನೆ ಸಂಜೆ ಪತ್ರ ಮಡಿಚುವಷ್ಟರಲ್ಲಿ ಬಾಗಿಲಿಗೆ ಊರುಗೋಲಿನ ಏಟು ಬಿತ್ತು. ಪಾರ್ಜೆಟರ್ ಅಜ್ಜಿ, ಕಂಕುಳಲ್ಲಿ ಪಾರ್ಕಿನ್ ಡಬ್ಬಿ, ತಲೆಯ ಮೇಲೆ ಮದುವೆಗೆ ಹಾಕುವ ಟೋಪಿ. "ಸಾಕ್ಷಿ ಬೇಕಂತಲ್ಲ ಮಗಾ? ಸೆಡ್ರಿಕ್ ಹೇಳ್ದ. ಅವತ್ತು ನಾನೇ ಇದ್ನಲ್ಲ! ಕೋರ್ಟಿಗೆ ಈ ಟೋಪಿ ಆಗುತ್ತಾ, ಇಲ್ಲ ಗರಿ ಇರೋದು ಹಾಕ್ಕೊಳ್ಳಲಾ? ಬೈಬಲ್ ಮುಟ್ಟಿ ನಡೆದಿದ್ದೆಲ್ಲ ಹೇಳ್ತೀನಿ, ಒಂದಕ್ಷರ ಬಿಡಲ್ಲ." ಅವಳು ಗೇಟು ದಾಟುವ ಮೊದಲೇ ನಾನು ಫೋನೆತ್ತಿದ್ದೆ. ಕಂಪನಿಯ ಯಂತ್ರದ ದನಿಗೆ ನನ್ನ ಕಾರ್ಡಿನ ನಂಬರು ಒತ್ತಿ, ಅಸಲು, ಕೋರ್ಟು ಖರ್ಚು, ಎಲ್ಲ ಕಟ್ಟಿದೆ. "ಧನ್ಯವಾದಗಳು, ಮಿಸೆಸ್ ಆಗ್ಡನ್" ಎಂದಿತು. ದಾವೆ ವಾಪಸು ತೆಗೆದುಕೊಳ್ಳುತ್ತೇವೆಂದು ಈ ಬೆಳಿಗ್ಗೆ ಟ್ರಿಸ್ಟ್ರಮ್ ತಾನೇ ಫೋನು ಮಾಡಿ ಹೇಳಿದ. ಗ್ಯಾದರ್‌ಕೋಲ್‌ಗೂ ತಿಳಿಸಿದೆ. ಅಂಗಡಿ ನಿನ್ನದೇ. ಪಬ್ಬಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ. ಮೇಲಿನ ಆಣೆಯ ವಾಕ್ಯವನ್ನು ಹೊಡೆದು ಹಾಕಿಕೋ, ನನ್ನ ಪೆನ್ನಿನಲ್ಲಿ ಮಸಿ ಮುಗಿಯುತ್ತಿದೆ.

ಅಜ್ಜಿಯ ಬಾಯಿಂದ ಭಾನುವಾರ ಹೇಗೂ ಹೊರಬರುತ್ತದೆ, ಅದಕ್ಕೆ ಮೊದಲು ನನ್ನಿಂದಲೇ ಕೇಳಿಬಿಡು. ಕಾರು ಕೆಟ್ಟಿರಲಿಲ್ಲ. ಬಾನೆಟ್ಟಿನೊಳಗೆ ತಲೆ ತೂರಿಸಿ ನಾನು ಏನೇನೋ ಒರೆಸುತ್ತಿದ್ದಾಗ ಅವಳು ಕಿಟಕಿಯಿಂದ ಬಗ್ಗಿ ನೋಡಿ, "ಅಯ್ಯೋ ಮಗಾ, ಗೇರಿನ ಹಿಡಿ ಇನ್ನೂ ಓಡ್ಸೋ D ಮೇಲೇ ಇದೆಯಲ್ಲೋ! ನಿಲ್ಸೋ P ಗೆ ತರದೆ ಅದು ಹೇಗೆ ಏಳುತ್ತೆ? ಕೀಲಿನಾದ್ರೂ ಹೇಗೆ ಬಿಡುತ್ತೆ?" ಎಂದು ಊರುಗೋಲಿನ ತುದಿಯಿಂದ ಮುಂದಕ್ಕೆ ತಳ್ಳಿದಳು. ಒಂದೇ ತಿರುವಿಗೆ ಎದ್ದಿತು. ಯಾಂತ್ರಿಕ ವೈಫಲ್ಯ ಎಂದರೆ ನಾನೇ. ಈಗ ಒಂದೇ ಬೇಡಿಕೆ, ಹೆಸ್ಟರ್. ಅವತ್ತು ಪ್ಲಾಟ್‌ಫಾರಮ್ಮಿನಲ್ಲಿ ನಾನು ಸ್ಯಾಂಡ್‌ವಿಚ್ ಅಡ್ಡ ಹಿಡಿದು ಕತ್ತರಿಸಿದ ಆ ವಾಕ್ಯವನ್ನು ಪೂರ್ತಿ ಬರೆದು ಕಳಿಸು. ಅದರ ಕೊನೆಯಲ್ಲಿ ಹಿಂದಕ್ಕೆ ಹೋಗುವುದು ಹೇಗೆಂಬುದೂ ಇತ್ತೆ? ಕಾರು ಆ ಶನಿವಾರದಿಂದ ಹಿತ್ತಿಲ ಶೆಡ್ಡಿಗೆ ಮೂತಿಯಿಟ್ಟುಕೊಂಡೇ ನಿಂತಿದೆ. ನಾನು ನಡೆದು ಓಡಾಡುತ್ತಿರುವುದು ಭೂಮಿಗೋಸ್ಕರ ಅಲ್ಲ.